ಮುಂದಿನ ಬ್ರೇಕಿನ ನಡುಕ



ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿಯುವಾಗ ಬೈಕಿನ ಮುಂದಿನ ಬ್ರೇಕು ಹಿಡಿದೊಡನೆ ಹ್ಯಾಂಡಲು ನಡುಗುವುದೆಂದೂ, ಗ್ಯಾರೇಜಿನವರು ಚಕ್ರವನ್ನು ಮುಟ್ಟಿಯೂ ನೋಡದೆ ಡಿಸ್ಕ್ ಬೆಂಡಾಗಿದೆ, ಹೊಸದನ್ನೇ ಹಾಕಿಸಬೇಕೆಂದು ಹೇಳಿದರೆಂದೂ ಬರೆದಿರುವೆ. ಡಿಸ್ಕ್ ದೋಷಿಯಾಗಿರಲೂಬಹುದು; ಆದರೆ ವಿಚಾರಣೆಯೇ ಇಲ್ಲದೆ ಶಿಕ್ಷೆ ವಿಧಿಸುವುದು ನನಗೆ ಸಮ್ಮತವಲ್ಲ.

ನಡುಕವು ಎಲ್ಲಿ ಅನುಭವಕ್ಕೆ ಬರುತ್ತದೆಂಬುದನ್ನು ಮೊದಲು ನಿಷ್ಕರ್ಷಿಸಿಕೊ. ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಹಿಂದಿನ ಬ್ರೇಕನ್ನಷ್ಟೇ ಒತ್ತಿ ನೋಡು. ಆಗಲೂ ಹ್ಯಾಂಡಲು ಅದುರಿದರೆ ಟಯರು, ರಿಮ್ಮು, ಬೇರಿಂಗುಗಳನ್ನು ಪರೀಕ್ಷಿಸಬೇಕು. ಅನಂತರ ಮುಂದಿನದನ್ನು ಎರಡು ಬೆರಳಿನಿಂದ ಮೃದುವಾಗಿ ಹಿಡಿ. ಲಿವರೇ ಬೆರಳಿನಡಿ ಮಿಡಿಯುತ್ತ, ವೇಗ ತಗ್ಗಿದಂತೆ ಮಿಡಿತವೂ ನಿಧಾನಗೊಂಡರೆ, ಅದು ಚಕ್ರದ ಸುತ್ತಿಗೊಮ್ಮೆ ಮರಳುವ ದೋಷವೆಂದು ತಿಳಿ. ಚಕ್ರದ ಸುತ್ತಳತೆ ಸುಮಾರು 2 ಮೀಟರಿರುವುದರಿಂದ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 5 ಮಿಡಿತಗಳಾಗುತ್ತವೆ. (ಎಬಿಎಸ್ ಇರುವ ಗಾಡಿಯಲ್ಲಿ ಜಲ್ಲಿಯ ಮೇಲೆ ಬ್ರೇಕು ಹಿಡಿದಾಗ ಕೈಗೆ ತಾಗುವ ಬಿರುಸಾದ ತಟತಟ ಬೇರೆ, ಅದು ರೋಗವಲ್ಲ.)

ಲಿವರು ಶಾಂತವಾಗಿದ್ದು ಹ್ಯಾಂಡಲು ಮಾತ್ರ ಅಲುಗಿ, ಬ್ರೇಕು ಹಿಡಿದ ಕ್ಷಣದಲ್ಲಿ ಒಂದು ‘ಟಕ್’ ಕೇಳಿಸಿದರೆ ಸಂದೇಹವು ಹ್ಯಾಂಡಲು ತಿರುಗುವ ಬೇರಿಂಗುಗಳ, ಅಂದರೆ ಕೋನ್‌ಸೆಟ್ಟಿನ ಮೇಲೆ. ನಮ್ಮ ಹೊಂಡಬಿದ್ದ ರಸ್ತೆಗಳಲ್ಲಿ ನಾನಂತೂ ಮೊದಲು ಅದನ್ನೇ ಶಂಕಿಸುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲಬಿಡುವಂತೆ ಯಾರಾದರೂ ಹಿಂಭಾಗವನ್ನು ಅದುಮಿ ಹಿಡಿಯಲಿ. ನೀನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಫೋರ್ಕಿನ ಎರಡೂ ಕೆಳತುದಿಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿ ನೋಡು. ಆಟವಿದ್ದರೆ ಕೈಗೇ ತಿಳಿಯುತ್ತದೆ. ಬಳಿಕ ಹ್ಯಾಂಡಲನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸು; ನಟ್ಟನಡುವೆ ಬಂದಾಗ ಅದು ಸಿಕ್ಕಿಕೊಂಡಂತಾದರೆ ಬೇರಿಂಗಿನ ಬಟ್ಟಲುಗಳಲ್ಲಿ ಕುಳಿ ಬಿದ್ದಿದೆಯೆಂದರ್ಥ; ಆಗ ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸತಕ್ಕದ್ದೇ. ಸಡಿಲವಾದ ಕೋನ್‌ಸೆಟ್ಟು ಡಿಸ್ಕಿನ ಅತ್ಯಲ್ಪ ದೋಷವನ್ನೂ ದೊಡ್ಡದಾಗಿ ತೋರಿಸುವುದರಿಂದಲೇ, ಹೊಸ ಡಿಸ್ಕ್ ಹಾಕಿಸಿದವರಿಗೆ ಕೆಲದಿನ ನೆಮ್ಮದಿ ದೊರೆತು ನಡುಕವು ಪುನಃ ತಲೆದೋರುವುದುಂಟು.

ಇನ್ನು ಡಿಸ್ಕಿನ ಮಾತು. ಬೆಂಡೆಂದು ಹೇಳಲ್ಪಡುವವುಗಳಲ್ಲಿ ಅನೇಕವು ವಸ್ತುತಃ ಬಾಗಿರುವುದಿಲ್ಲ. ಪ್ಯಾಡಿನ ದ್ರವ್ಯವು ಅಸಮವಾಗಿ ಅಂಟಿ, ದಪ್ಪವು ಅಲ್ಲಲ್ಲಿ ವ್ಯತ್ಯಾಸಗೊಂಡಿರುತ್ತದೆ. ಘಾಟಿಯಿಳಿದು ಕಾದ ಡಿಸ್ಕನ್ನು ನಿಂತಲ್ಲಿಯೇ ಬಿಗಿಹಿಡಿದರೆ ಪ್ಯಾಡಿನ ಗುರುತು ಅಲ್ಲಿ ಉಳಿಯುವುದು ಸಹಜ. ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನ ವ್ಯತ್ಯಾಸವೂ ಬೆರಳಿಗೆ ಗೋಚರಿಸುವುದರಿಂದ, ಆರೆಂಟು ಕಡೆ ಮೈಕ್ರೋಮೀಟರಿನಿಂದಲೇ ಅಳೆಯಿಸು. ವರ್ನಿಯರಾದರೋ ಹೊರ ಅಂಚಿನ ಸವೆಯದ ಏಣಿನ ಮೇಲೆ ಕುಳಿತು ಸುಳ್ಳು ಹೇಳುತ್ತದೆ. ಕನಿಷ್ಠ ದಪ್ಪವೆಷ್ಟೆಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಓಲಾಟವನ್ನು ಡಯಲ್ ಗೇಜಿನಿಂದ ನೋಡಬೇಕು. ಅನೇಕ ಗಾಡಿಗಳಿಗೆ ಅದರ ಮಿತಿ 0.3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ.

ಬದಲಿಸಲೇಬೇಕಾಗಿ ಬಂದಲ್ಲಿ, ಡಿಸ್ಕ್ ಕೂರುವ ಹಬ್ಬಿನ ಮುಖದ ತುಕ್ಕನ್ನು ನಿನ್ನೆದುರಿಗೇ ಉಜ್ಜಿಸು. ಕ್ಯಾಲಿಪರಿನ ಪಿನ್ನುಗಳು ಸರಾಗವಾಗಿ ಜಾರುತ್ತವೆಯೇ ಎಂದು ನೋಡಿಸಿ ಪ್ಯಾಡುಗಳನ್ನೂ ಹೊಸದಾಗಿ ಹಾಕಿಸು. ಅವು ಹೊಂದಿಕೊಳ್ಳುವವರೆಗೆ ಘಾಟಿಯ ಕಡೆ ಹೋಗಬೇಡ. ಹೋದ ಮೇಲೆಯೂ ಎರಡನೆಯ ಗೇರಿನಲ್ಲಿಯೇ ಇಳಿ.