ಬೇಸಗೆಯ ಸೆಕೆ, ಗುಡುಗು ಮಳೆ ಮತ್ತು ಮುಂಗಾರಿನ ಉಳುಮೆ

ಮೈಸೂರು ಸೀಮೆಯ ಬಯಲು ಭಾಗಗಳಲ್ಲಿ ಯುಗಾದಿಯಿಂದ ಮೊದಲ್ಗೊಂಡು ಜೂನ್ ತಿಂಗಳಲ್ಲಿ ನೈಋತ್ಯ ಮಾರುತವು ಬಂದು ನೆಲೆಗೊಳ್ಳುವ ವರೆಗಿನ ಕಾಲವನ್ನು ಅನೇಕ ರೈತರು ಬಿಡುವಿನ ಕಾಲವೆಂದು ಎಣಿಸುವರು. ಈ ಎಣಿಕೆ ಸರಿಯಲ್ಲ. ವರ್ಷದ ಬೆಳೆಗೆ ಭೂಮಿಯನ್ನು ಅಣಿಮಾಡುವ ಮಳೆ ಬೀಳುವುದೂ ಈ ಕಾಲದಲ್ಲಿಯೇ. ಹೊಲದಲ್ಲಿ ಸಿಡಿಲು ಬಡಿದು ಆಳುಗಳೂ ಎತ್ತುಗಳೂ ಸಾಯುವುದೂ ಬಹುಮಟ್ಟಿಗೆ ಈ ಕಾಲದಲ್ಲಿಯೇ. ಆದುದರಿಂದ ಇದರ ಸ್ವಭಾವವನ್ನು ಜಮೀನುದಾರರೂ ಗ್ರಾಮದ ಮುಖಂಡರೂ ಚೆನ್ನಾಗಿ ತಿಳಿದಿರಬೇಕಾದುದು ಅವಶ್ಯಕ.

ಬಿಸಿಲೊಂದೇ ಮಳೆಯನ್ನು ತರಲಾರದು. ಮಾರ್ಚಿ ತಿಂಗಳ ಬಿಸಿಲು ತೀಕ್ಷ್ಣವಾಗಿದ್ದರೂ ಗಾಳಿಯು ಒಣಗಿರುವುದರಿಂದ ಬೆವರು ಬೇಗನೆ ಆರುವುದು, ಮಳೆಯೂ ಅಪರೂಪ. ಏಪ್ರಿಲ್ ತಿಂಗಳಿನಿಂದ ಬಂಗಾಳ ಕೊಲ್ಲಿಯ ಕಡೆಯಿಂದಲೂ ಅರಬ್ಬೀ ಸಮುದ್ರದ ಕಡೆಯಿಂದಲೂ ತೇವವುಳ್ಳ ಗಾಳಿ ಒಳನಾಡಿಗೆ ನುಗ್ಗಿ ಪರಸ್ಪರ ಸಂಧಿಸುವುದು. ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಅಡಗಬಲ್ಲದು. ಒಂದು ಘನ ಮೀಟರ್ ಗಾಳಿಯು 20 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದಾದರೆ 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ ಹಿಡಿಯಬಲ್ಲುದು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೇ 2016ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಉಷ್ಣವು 39.2 ಡಿಗ್ರಿಗೆ ಏರಿತು. ಕಾದ ನೆಲದ ಮೇಲಿನ ಈ ತೇವದ ಗಾಳಿಯು ಮೇಲಕ್ಕೇರಿ ತಣ್ಣಗಾಗುವಾಗ ಅದರ ನೀರಾವಿಯೆಲ್ಲ ಮೋಡವಾಗಿ, ಹತ್ತು ಕಿಲೋಮೀಟರಿಗೂ ಮೀರಿ ಬೆಳೆಯುವುದುಂಟು.

ಇಂಥ ದಿನವನ್ನು ಗುರುತಿಸುವುದು ಕಷ್ಟವಲ್ಲ. ಬೆಳಗಿನಲ್ಲಿಯೇ ಸೆಕೆ ಹೆಚ್ಚಿ, ನೆರಳಿನಲ್ಲಿ ಕುಳಿತರೂ ಬೆವರು ಆರದೆ ಇದ್ದು, ನಡುಹಗಲಿಗೆ ದಿಗಂತದಲ್ಲಿ ಅರಳಿದ ಹತ್ತಿಯ ರಾಶಿಯಂತೆ ಮೋಡಗಳು ಏಳತೊಡಗಿದರೆ, ಸಾಯಂಕಾಲಕ್ಕೆ ಗುಡುಗು ಮಳೆಯನ್ನು ನಿರೀಕ್ಷಿಸಬಹುದು. ಮಳೆಗೆ ಮುಂಚೆ ಥಟ್ಟನೆ ಬೀಸುವ ತಣ್ಣನೆಯ ಬಿರುಗಾಳಿಯು ಬಾಳೆಯನ್ನು ಉರುಳಿಸಿ ಬಣವೆಯನ್ನು ಕೆದರುವುದು. ಆಲಿಕಲ್ಲು ಬಿದ್ದರೆ ಮಾವಿನ ಫಸಲಿಗೆ ನಷ್ಟ ತಪ್ಪದು.

ಇನ್ನು ಉಳುಮೆಯ ವಿಷಯ. ಭರಣಿಯ ಮಳೆಗೂ ಧರಣಿಗೂ ಪ್ರಾಸ ಕೂಡಿಸಿ ನಮ್ಮ ಹಿರಿಯರು ಗಾದೆ ಕಟ್ಟಿರುವುದು ನಿಷ್ಕಾರಣವಾಗಿ ಅಲ್ಲ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿದ್ದಂತಾಯಿತು. ಗುಡುಗು ಮಳೆಯು ಅರ್ಧ ಗಂಟೆಯಲ್ಲಿ ರಭಸದಿಂದ ಸುರಿಯುವುದರಿಂದ, ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆಂಪು ನೆಲದಲ್ಲಿ ಈ ನೀರಿನ ಬಹುಭಾಗವು ಮೇಲುಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಸೇರುವುದು. ಆದಕಾರಣ ಬದುಗಳನ್ನು ಮೊದಲೇ ಸರಿಪಡಿಸಿಟ್ಟು, ಮೊದಲನೆಯ ಹದಮಳೆ ಬಿದ್ದೊಡನೆ ಇಳಿಜಾರಿಗೆ ಅಡ್ಡಲಾಗಿ ಉಳತಕ್ಕದ್ದು. ಹಿಡಿಯಲ್ಲಿ ಅದುಮಿದ ಮಣ್ಣು ಕೈಗೆ ಅಂಟದೆ, ತಟ್ಟಿದರೆ ಪುಡಿಯಾಗುವಂತಿದ್ದರೆ ಅದೇ ಹದವೆಂದು ತಿಳಿಯತಕ್ಕದ್ದು. ಕೆಸರಿನಲ್ಲಿ ಉತ್ತರೆ ಹೆಂಟೆಗಳೇ ಉಳಿಯುವುವು.

ಆದರೆ ಒಂದೇ ಮಳೆಯನ್ನು ನಂಬಿ ಬೀಜವನ್ನು ಚೆಲ್ಲಕೂಡದು. ಈ ಮಳೆಗಳು ಒಂದು ಊರನ್ನು ನೆನೆಯಿಸಿ ಪಕ್ಕದ ಊರನ್ನು ಬಿಟ್ಟುಹೋಗುವುವು. ಒಂದಕ್ಕೂ ಮತ್ತೊಂದಕ್ಕೂ ನಡುವೆ ಹತ್ತು ಹದಿನೈದು ದಿನಗಳ ಬಿಸಿಲು ಕಾಯುವುದೂ ಉಂಟು. ತೇವವು ಗೇಣುದ್ದ ಇಳಿದಿರುವುದನ್ನು ಅಗೆದು ನೋಡಿದ ಮೇಲೆಯೇ ಎಳ್ಳು, ಹೆಸರು, ಅಲಸಂದೆಗಳನ್ನು ಬಿತ್ತುವುದು ವಿಹಿತ.

ಸಿಡಿಲಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಭಾರತದಲ್ಲಿ ಪ್ರತಿವರ್ಷವೂ 2000ಕ್ಕೆ ಮೇಲ್ಪಟ್ಟು ಜನರು ಸಿಡಿಲಿನಿಂದ ಸಾಯುತ್ತಾರೆ. ಹೊಲದಲ್ಲಿರುವವನು ಮಳೆ ಬಂದೊಡನೆ ಮರದ ಬುಡಕ್ಕೆ ಓಡುವುದೇ ಇದಕ್ಕೆ ದೊಡ್ಡ ಕಾರಣ. ಸಿಡಿಲು ಮರಕ್ಕೆ ಬಡಿದು ಬೇರುಗಳ ಸುತ್ತಲಿನ ನೆಲದಲ್ಲಿ ಹರಡುವುದು. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದುದರಿಂದ ನೆಲದ ವಿದ್ಯುತ್ತು ಅದರ ಎದೆಯ ಮೂಲಕ ಹಾಯುವುದು. ಮರದಡಿಯಲ್ಲಿ ಕಟ್ಟಿದ ಜೋಡಿಯು ಒಟ್ಟಿಗೆ ಸಾಯುವುದು ಈ ಕಾರಣದಿಂದಲೇ.

ಮಿಂಚನ್ನು ಕಂಡ ಕೂಡಲೆ ಎಣಿಸಲು ಆರಂಭಿಸಿ, ಗುಡುಗು ಮೂವತ್ತು ಸೆಕೆಂಡುಗಳೊಳಗಾಗಿ ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆಯೆಂದು ತಿಳಿದು, ಕೆಲಸವನ್ನು ಬಿಟ್ಟು ಭದ್ರವಾದ ಮನೆಗೆ ಸೇರತಕ್ಕದ್ದು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಕ್ಕೆ ಬರಕೂಡದು. ತಂತಿಬೇಲಿ, ಪಂಪಿನ ಸ್ವಿಚ್ಚು, ಕೆರೆಯ ನೀರು ಇವುಗಳಿಂದ ದೂರವಿರಬೇಕು. ಹೊಲದ ಗುಡಿಸಲು ಮಳೆಗೆ ಆಸರೆಯೇ ಹೊರತು ಸಿಡಿಲಿಗೆ ಅಲ್ಲ.

ಇಲ್ಲಿ ಜಮೀನುದಾರರಿಗೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಇನ್ನೆರಡು ಸಾಲು ಮುಗಿಯಲಿ ಎಂದು ಯಜಮಾನನು ಬದುವಿನ ಮೇಲೆ ನಿಂತಿರುವಾಗ ಕೂಲಿಯಾಳು ತಾನಾಗಿ ಹೊಲವನ್ನು ಬಿಟ್ಟು ಹೋಗಲಾರನು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೆಲಸವನ್ನು ನಸುಕಿನಲ್ಲಿ ಆರಂಭಿಸಿ ನಡುಹಗಲಿಗೆ ಮುಗಿಸುವ ಪದ್ಧತಿಯನ್ನು ಗ್ರಾಮದ ಮುಖಂಡರು ಊರಿನಲ್ಲಿ ರೂಢಿಗೆ ತಂದರೆ ಬಿಸಿಲಿನ ಬಾಧೆಯೂ ತಪ್ಪುವುದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು ಸಿದ್ಧಪಡಿಸಿದ ‘ದಾಮಿನಿ’ ಎಂಬ ಆ್ಯಪಿನಲ್ಲಿ ಸಮೀಪದ ಸಿಡಿಲಿನ ಸೂಚನೆ ದೊರೆಯುವುದು. ಅದನ್ನು ನೋಡಿ ಊರಿಗೆ ತಿಳಿಸುವ ಹೊಣೆಯನ್ನು ಒಬ್ಬ ಯುವಕನಿಗೆ ವಹಿಸಬಹುದು.

ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಅಂಜಿ ದೂರ ನಿಲ್ಲುವುದು ತಪ್ಪು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡು ಅಂಗೈಗಳನ್ನೂ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲದಂತೆ ಬಲವಾಗಿ ಒತ್ತುತ್ತಿರಬೇಕು. ವಾಹನ ಬರುವ ವರೆಗೆ ಇದನ್ನು ನಿಲ್ಲಿಸದೆ, ಒಬ್ಬರು ದಣಿದರೆ ಮತ್ತೊಬ್ಬರು ಮುಂದುವರಿಸತಕ್ಕದ್ದು.