ಲೇಬಲ್ಲಿಗೆ ಭರಣಿಯ ಚಿತ್ರ ಕತ್ತರಿಸುವುದು ಹೇಗೆ?



ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ ಮಾಡಿ ಮಾರುವ ನಮ್ಮ ಸಂಘಗಳ ಮಾಲಿನ ರುಚಿಯ ಬಗ್ಗೆ ದೂರು ಬರುವುದು ಕಡಿಮೆ. ದೂರು ಬರುವುದು ಲೇಬಲ್ಲಿನ ಬಗ್ಗೆ. ಭರಣಿಯ ಚಿತ್ರದ ಅಂಚು ಇಲಿ ಕಡಿದ ಹಾಗೆ ಇರುತ್ತದೆ, ಹಿಂದಿನ ಗೋಡೆಯ ಬಣ್ಣ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಮೇಳದಲ್ಲಿ ಪಕ್ಕದ ಅಂಗಡಿಯ ಬಾಟಲಿ ಚಂದ ಕಂಡರೆ ಗಿರಾಕಿಯ ಕೈ ಮೊದಲು ಹೋಗುವುದು ಅತ್ತಲೇ. ರುಚಿ ನೋಡುವುದು ಆಮೇಲಿನ ಮಾತು.

ಚಿತ್ರ ಕತ್ತರಿಸುವ ಕೆಲಸವನ್ನು ನಾವು ಸಾಮಾನ್ಯವಾಗಿ ಡಿಟಿಪಿ ಅಂಗಡಿಗೆ ಕೊಡುತ್ತೇವೆ. ಕೊಡುವುದು ತಪ್ಪಲ್ಲ. ಆದರೆ ಪ್ರತಿ ಸಲ ಹಣ ಕೊಡಬೇಕು, ಕಡತ ಮಾತ್ರ ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ಆ ಅಂಗಡಿ ಮುಚ್ಚಿದರೆ, ಇಲ್ಲಾಂದ್ರೆ ಅಲ್ಲಿನ ಹುಡುಗ ಕೆಲಸ ಬಿಟ್ಟು ಹೋದರೆ ಮತ್ತೆ ಮೊದಲಿನಿಂದ ಶುರು. ಸಂಘದಲ್ಲಿ ಮೌಸ್ ಹಿಡಿಯಲು ಬರುವ ಒಬ್ಬ ಸದಸ್ಯೆಯಾದರೂ ಈ ಕೆಲಸ ಕಲಿತಿರುವುದು ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಫೋಟೋಶಾಪಿನಲ್ಲಿರುವ ಪೆನ್ ಟೂಲ್ ಹೆಸರಾದದ್ದು ನಿಜ. ಆದರೆ ಗಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿಯೂ ಅದೇ ಬಗೆಯ ಸಲಕರಣೆ ಇದೆ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಗಿಂಪನ್ನು ಶುರು ಮಾಡಿದರು. ಇಂದಿಗೂ ಯಾರು ಬೇಕಾದರೂ ಹಣ ಕೊಡದೆ ಹಾಕಿಕೊಳ್ಳಬಹುದು. ಅದರಲ್ಲಿರುವ ಸಲಕರಣೆಯ ಹೆಸರು ಪಾತ್ಸ್. ಕೀಬೋರ್ಡಿನಲ್ಲಿ ‘ಬಿ’ ಅಕ್ಷರ ಒತ್ತಿದರೆ ಬರುತ್ತದೆ.

ಮೊದಲು ಒಂದು ವಿಷಯ ತಿಳಿದಿರಲಿ. ಫೋಟೋ ಅಂದರೆ ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಬಣ್ಣದ ಚೌಕಗಳು. ದೊಡ್ಡದು ಮಾಡಿದರೆ ಚೌಕಗಳು ಕಾಣತೊಡಗುತ್ತವೆ. ಪಾತ್ಸ್‌ನಲ್ಲಿ ಎಳೆದ ಗೆರೆ ಹಾಗಲ್ಲ. ಕಂಪ್ಯೂಟರ್ ಅದನ್ನು ಲೆಕ್ಕವಾಗಿ ನೆನಪಿಡುತ್ತದೆ: ಇಲ್ಲಿಂದ ಹೊರಟು, ಇಷ್ಟು ಬಾಗಿ, ಅಲ್ಲಿಗೆ ಸೇರು ಅಂತ. ಇದನ್ನೇ ವೆಕ್ಟರ್ ಗೆರೆ ಎನ್ನುವುದು. ನುಡಿ, ಬರಹಗಳಲ್ಲಿ ಟೈಪ್ ಮಾಡುವ ನಮ್ಮ ದುಂಡು ಅಕ್ಷರಗಳೂ ಇಂಥ ಗೆರೆಗಳೇ. ಅದಕ್ಕೇ ಅವನ್ನು ಫ್ಲೆಕ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಹೊಲಿಗೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಲೌಸಿನ ಕಂಕುಳ ಭಾಗ ಕತ್ತರಿಸುವಾಗ ನೀವು ಬಟ್ಟೆಯ ಮೇಲೆ ಇಪ್ಪತ್ತು ಚುಕ್ಕಿ ಇಡುತ್ತೀರಾ? ಇಲ್ಲ. ಭುಜದಲ್ಲಿ ಒಂದು, ಎದೆಯ ಅಳತೆ ಬರುವಲ್ಲಿ ಒಂದು, ನಡುವೆ ಒಳಕ್ಕೆ ಬಾಗುವಲ್ಲಿ ಒಂದು. ಉಳಿದದ್ದನ್ನು ಕೈ ಬಾಗಿಸಿ ಚಾಕ್‌ನಲ್ಲಿ ಕೂಡಿಸುತ್ತೀರಿ. ಇಲ್ಲಿಯೂ ಅಷ್ಟೇ. ಹೊಸಬರು ಭರಣಿಯ ಸುತ್ತ ಇರುವೆ ಸಾಲಿನ ಹಾಗೆ ಐವತ್ತು, ಅರವತ್ತು ಚುಕ್ಕಿ ಇಟ್ಟುಬಿಡುತ್ತಾರೆ. ಜಾಸ್ತಿ ಚುಕ್ಕಿ ಇಟ್ಟರೆ ಗೆರೆ ನಿಖರವಾಗುತ್ತದೆ ಅಂತ ಅವರ ಎಣಿಕೆ. ಆಗುವುದು ಉಲ್ಟಾ. ಪ್ರತಿ ಚುಕ್ಕಿಯಲ್ಲೂ ಕೈ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ, ಗೆರೆ ಅಂಕುಡೊಂಕಾಗುತ್ತದೆ. ನುಣುಪು ಬರುವುದು ಚುಕ್ಕಿ ಕಡಿಮೆಯಿದ್ದು, ಸರಿಯಾದ ಜಾಗದಲ್ಲಿದ್ದಾಗ.

ಚುಕ್ಕಿಗಳನ್ನು ಕೂಡಿಸಿ ಬಾಗಿಸುವ ಬಗೆ ಹೀಗೆ. ಬರೀ ಕ್ಲಿಕ್ ಮಾಡಿದರೆ ಚುಕ್ಕಿ ಬೀಳುತ್ತದೆ, ಹಿಂದಿನದಕ್ಕೆ ನೇರ ಗೆರೆ ಸೇರುತ್ತದೆ. ಕ್ಲಿಕ್ ಮಾಡಿದ ಬೆರಳು ಬಿಡದೆ ಮೌಸ್ ಎಳೆದರೆ ಚುಕ್ಕಿಯ ಎರಡೂ ಬದಿಗೆ ಎರಡು ಕಡ್ಡಿ ಹೊರಡುತ್ತವೆ. ಇವುಗಳ ಹೆಸರು ಹ್ಯಾಂಡಲ್. ನೋಡಲು ಮೀಸೆಯ ಹಾಗಿರುವುದರಿಂದ ನಾವೂ ಇಲ್ಲಿ ಮೀಸೆ ಅಂತಲೇ ಕರೆಯೋಣ. ಮೀಸೆ ಯಾವ ಕಡೆಗೆ ಮುಖ ಮಾಡಿದೆಯೋ ಗೆರೆ ಆ ಕಡೆಗೇ ಹೊರಡುತ್ತದೆ. ಮೀಸೆ ಉದ್ದವಾದಷ್ಟೂ ಗೆರೆ ಅದರ ದಿಕ್ಕಿಗೆ ಹೆಚ್ಚು ದೂರ ಎಳೆಯಲ್ಪಡುತ್ತದೆ. ಆದ್ದರಿಂದ ಮೀಸೆ ಯಾವಾಗಲೂ ವಸ್ತುವಿನ ಅಂಚನ್ನು ಸವರಿಕೊಂಡು ಹೋಗುವ ಹಾಗಿರಬೇಕು, ಅಂಚಿಗೆ ಅಡ್ಡವಾಗಿ ಅಲ್ಲ. ಉದ್ದ ಎಷ್ಟಿರಬೇಕು? ಮುಂದಿನ ಚುಕ್ಕಿಗೆ ಇರುವ ದೂರದ ಮೂರನೇ ಒಂದು ಪಾಲು ಅಂತ ಅಂದಾಜಿಟ್ಟುಕೊಂಡು, ಆಮೇಲೆ ಸರಿಮಾಡಿ.

ಈ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಕಾರಿನ ಮೈಯ ಬಾಗುಗಳನ್ನು ಯಂತ್ರಕ್ಕೆ ತಿಳಿಸುವುದು ಹೇಗೆಂಬ ಪ್ರಶ್ನೆಗೆ ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ದಾರಿ ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯೆರ್ ಬೆಜಿಯೆ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ ಪ್ರಕಟಿಸಿದರು. ಹಾಗಾಗಿ ಇಂದಿಗೂ ಇದಕ್ಕೆ ಬೆಜಿಯೆ ಗೆರೆ ಅಂತಲೇ ಹೆಸರು.

ಮೊದಲ ಅಭ್ಯಾಸಕ್ಕೆ ಭರಣಿ ಬೇಡ. ಒಂದು ಊಟದ ತಟ್ಟೆಯನ್ನು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ನಾಲ್ಕೇ ಚುಕ್ಕಿ. ಮೇಲೆ ಕೆಳಗೆ ಮೀಸೆ ಅಡ್ಡಕ್ಕೆ, ಎಡಬಲದಲ್ಲಿ ಉದ್ದಕ್ಕೆ. ಮೀಸೆಯ ಒಂದೊಂದು ಕಡ್ಡಿ ತಟ್ಟೆಯ ನಡುವಿನಿಂದ ಅಂಚಿಗೆ ಇರುವ ದೂರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನೂರಕ್ಕೆ 55ರಷ್ಟು ಇದ್ದರೆ ಗೆರೆ ತಟ್ಟೆಯ ಸುತ್ತ ಸರಿಯಾಗಿ ಕೂರುತ್ತದೆ. ಎರಡು ದಿನ ಇದನ್ನೇ ಮಾಡಿ. ಬೇಜಾರಾಗಬಹುದು, ಆದರೆ ಕೈಗೆ ಬರುವುದು ಹೀಗೆಯೇ.

ಈಗ ಭರಣಿ. ಫೋಟೋ ತೆಗೆಯುವಾಗ ಭರಣಿಯ ಬಣ್ಣಕ್ಕೆ ವಿರುದ್ಧವಾದ ಬಟ್ಟೆ ಹಿಂದಿರಲಿ. ಚಿತ್ರವನ್ನು ಎರಡು ಪಟ್ಟು ದೊಡ್ಡದಾಗಿ ಮಾಡಿಕೊಂಡು ಬಾಯಿಯ ಅಂಚಿನಿಂದ ಶುರು ಮಾಡಿ. ಕುತ್ತಿಗೆ ಅತಿ ಸಣ್ಣದಾಗಿರುವಲ್ಲಿ ಒಂದು ಚುಕ್ಕಿ, ಹೊಟ್ಟೆ ಅತಿ ಅಗಲವಾಗಿರುವಲ್ಲಿ ಒಂದು, ತಳದ ಮೂಲೆಯಲ್ಲಿ ಒಂದು. ಇನ್ನೊಂದು ಬದಿಗೂ ಹೀಗೆಯೇ. ಒಟ್ಟು ಹತ್ತು ಹನ್ನೆರಡು ಸಾಕು. ಬಾಯಿಯ ಅಂಚಿನಂಥ ಚೂಪು ಮೂಲೆ ಬಂದಾಗ ಮುಂದಿನ ಬದಿಯ ಮೀಸೆಯನ್ನು ಮಾತ್ರ ಹಿಡಿದು ಬೇರೆ ದಿಕ್ಕಿಗೆ ತಿರುಗಿಸಬೇಕು. ಹೊಲಿಗೆಯಲ್ಲಿ ನಾವು ಅಳತೆಗಿಂತ ಹೊರಗೆ ಬಟ್ಟೆ ಬಿಡುತ್ತೇವೆ. ಇಲ್ಲಿ ಅದಕ್ಕೆ ವಿರುದ್ಧ: ಗೆರೆ ಅಂಚಿನಿಂದ ಕೂದಲೆಳೆಯಷ್ಟು ಒಳಗೇ ಇರಲಿ. ಆಗ ಹಿಂದಿನ ಬಣ್ಣ ಅಂಟಿಕೊಂಡು ಬರುವುದಿಲ್ಲ.

ಕೊನೆಗೆ ಕಂಟ್ರೋಲ್ ಒತ್ತಿ ಹಿಡಿದು ಮೊದಲ ಚುಕ್ಕಿಯ ಮೇಲೆ ಕ್ಲಿಕ್ ಮಾಡಿದರೆ ಗಿಂಪ್ 2.10ರಲ್ಲಿ ಸುತ್ತು ಮುಚ್ಚಿಕೊಳ್ಳುತ್ತದೆ. ಸೆಲೆಕ್ಟ್ ಮೆನುವಿನಲ್ಲಿ ‘ಫ್ರಮ್ ಪಾತ್’ ಒತ್ತಿ. ಲೇಯರ್ ಮೆನುವಿನ ‘ಟ್ರಾನ್ಸ್‌ಪರೆನ್ಸಿ’ಯಲ್ಲಿ ‘ಆಡ್ ಆಲ್ಫಾ ಚಾನೆಲ್’ ಕೊಡಿ. ಮತ್ತೆ ಸೆಲೆಕ್ಟ್ ಮೆನುವಿಗೆ ಬಂದು ‘ಇನ್ವರ್ಟ್’ ಮಾಡಿ ಡಿಲೀಟ್ ಒತ್ತಿದರೆ ಹಿಂದಿನದೆಲ್ಲ ಹೋಗಿ ಭರಣಿ ಮಾತ್ರ ಉಳಿಯುತ್ತದೆ.

ಈಗ ಮೊಬೈಲಿನಲ್ಲೇ ಒಂದು ಒತ್ತಿಗೆ ಹಿನ್ನೆಲೆ ತೆಗೆಯುವ ಆ್ಯಪ್‌ಗಳಿವೆಯಲ್ಲ ಅಂತ ನೀವು ಕೇಳಬಹುದು. ವಾಟ್ಸಾಪ್ ಸ್ಟೇಟಸ್ಸಿಗೆ ಅಷ್ಟು ಧಾರಾಳ ಸಾಕು. ಒಣಮೆಣಸಿನ ರಾಶಿ, ತೆಂಗಿನ ನಾರು ಮುಂತಾದ ಎಳೆ ಎಳೆ ವಸ್ತುಗಳಿಗೆ ಅದೇ ವಾಸಿ, ಅಲ್ಲಿ ಚುಕ್ಕಿ ಇಟ್ಟು ಕೂತರೆ ದಿನ ಮುಗಿದೀತು. ಆದರೆ ಬಿಳಿ ಭರಣಿ ಬಿಳಿ ಗೋಡೆಯ ಮುಂದಿದ್ದರೆ ಆ್ಯಪ್ ಭರಣಿಯ ಕಿವಿಯನ್ನೂ ತಿಂದುಬಿಡಬಹುದು. ಭರಣಿಯ ಆಕಾರದಲ್ಲೇ ಸ್ಟಿಕ್ಕರ್ ಕತ್ತರಿಸಬೇಕಾದರಂತೂ ಯಂತ್ರದ ಬ್ಲೇಡು ಓಡುವುದು ವೆಕ್ಟರ್ ಗೆರೆಯ ಮೇಲೆಯೇ. ಗೆರೆ ಹೇಗಿದೆಯೋ ಕಟಿಂಗ್ ಹಾಗೇ.

ಒಂದು ಎಚ್ಚರ. ಗೆರೆ ಎಷ್ಟೇ ನುಣುಪಾದರೂ ಅದರೊಳಗಿರುವ ಫೋಟೋ ಫೋಟೋವೇ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚೌಕ ಬೇಕು. 3 ಇಂಚಿನ ಲೇಬಲ್ಲಿಗೆ ಚಿತ್ರ 900 ಚೌಕದಷ್ಟಾದರೂ ಅಗಲವಿರಲಿ.

ಕಡತ ಉಳಿಸುವಾಗ ಮೂರು ಪ್ರತಿ ಮಾಡಿ. ಗಿಂಪಿನದೇ ಎಕ್ಸ್‌ಸಿಎಫ್ ಪ್ರತಿಯಲ್ಲಿ ಗೆರೆ, ಚುಕ್ಕಿ, ಮೀಸೆ ಎಲ್ಲ ಉಳಿಯುತ್ತವೆ, ಮುಂದಿನ ವರ್ಷವೂ ತಿದ್ದಬಹುದು. ಲೇಬಲ್ಲಿನಲ್ಲಿ ಕೂರಿಸಲು ಪಿಎನ್‌ಜಿ ಪ್ರತಿ. ಜೆಪೆಗ್ ಮಾಡಿದರೆ ತೆಗೆದ ಹಿನ್ನೆಲೆಯ ಜಾಗ ಬಣ್ಣದಿಂದ ತುಂಬಿಕೊಳ್ಳುತ್ತದೆ. ಸ್ಟಿಕ್ಕರ್ ಕತ್ತರಿಸುವವರಿಗೆ ಪಾತ್ಸ್ ಪಟ್ಟಿಯಲ್ಲಿ ಬಲ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪಾತ್’ ಕೊಟ್ಟರೆ ಬರುವ ಎಸ್‌ವಿಜಿ ಪ್ರತಿ. ಪ್ರೆಸ್ಸಿನವರು ಅದನ್ನು ಕೋರಲ್‌ಡ್ರಾದಲ್ಲಿ ತೆರೆಯಬಹುದು. ಕೆಲಸವನ್ನು ಹೊರಗೆ ಕೊಟ್ಟಿದ್ದರೂ ಹಣ ಕೊಡುವ ಮೊದಲು ಗೆರೆ ಇರುವ ಮೂಲ ಪ್ರತಿಯನ್ನು ಕೇಳಿ ಪಡೆಯಿರಿ. ಈ ಪೆನ್‌ಡ್ರೈವ್ ನಡಾವಳಿ ಪುಸ್ತಕ, ಪಾಸ್‌ಬುಕ್ ಇರುವ ಪೆಟ್ಟಿಗೆಯಲ್ಲೇ ಇರಲಿ. ಅಧ್ಯಕ್ಷೆ ಬದಲಾದಾಗ ಲೆಕ್ಕದ ಪುಸ್ತಕದ ಜೊತೆ ಅದನ್ನೂ ಹೊಸಬರ ಕೈಗೆ ಒಪ್ಪಿಸಿ ಸಹಿ ಪಡೆಯಿರಿ.