ಟ್ರಾಲಿ ಹಿಂದಿನ ಲೈಟ್: ಏಳು ಪಿನ್ ವೈರಿಂಗ್ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಪ್ರತಿ ವಾರ ಜೀವಾಮೃತ, ಮುಚ್ಚಿಗೆ, ಕೀಟ ಅಂತ ಬರೆಯುವ ನಾನು ಈ ವಾರ ವೈರು, ಬಲ್ಬು ಹಿಡಿದುಕೊಂಡು ಬಂದಿದ್ದೇನೆ. ಅದಕ್ಕೆ ಕಾರಣ ಇದೆ.

ಹೋದ ಚಳಿಗಾಲದಲ್ಲಿ ಒಂದು ದಿನ ನಸುಕಿನ ನಾಲ್ಕೂವರೆಗೆ ಕಮಲಾಪುರದಿಂದ ಕೆಂಪು ಬಾಳೆ ಗೊನೆ ತುಂಬಿಕೊಂಡು ಕಲಬುರಗಿ ಕಡೆ ಹೊರಟಿದ್ದೆ. ಟ್ರಾಲಿಯ ಹಿಂದಿನ ಲೈಟ್ ಹತ್ತುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಎರಡು ತಿಂಗಳಿಂದ "ನಾಳೆ ನೋಡೋಣ" ಅಂತಲೇ ದಿನ ದೂಡಿದ್ದೆ. ಹುಮನಾಬಾದ್ ರಸ್ತೆಯಲ್ಲಿ ಹಿಂದಿನಿಂದ ಬಂದ ಬೈಕ್ ಹುಡುಗ ಕೊನೇ ಗಳಿಗೆಯಲ್ಲಿ ಟ್ರಾಲಿ ಕಂಡು, ಬ್ರೇಕ್ ಹೊಡೆದು, ಪಕ್ಕದ ಮಣ್ಣಿಗೆ ಜಾರಿ ಬಿದ್ದ. ಮೊಣಕೈ, ಮೊಣಕಾಲು ಕೆತ್ತಿತ್ತು, ಅಷ್ಟೇ. ಎಬ್ಬಿಸಲು ಓಡಿದಾಗ ಅವನು ನನ್ನನ್ನು ಬಯ್ಯಲೂ ಇಲ್ಲ. "ಅಣ್ಣಾ, ಗಾಡಿ ಕಂಡೇ ಇಲ್ರಿ" ಅಂದ. ಆ ಮಾತು ಇನ್ನೂ ಕಿವಿಯಲ್ಲಿದೆ.

ತೊಗರಿ ರಾಶಿ, ಕಬ್ಬು, ಬಾಳೆ, ಹಿಂಗ ನಮ್ಮ ಭಾಗದ ಟ್ರಾಲಿಗಳೆಲ್ಲ ಓಡುವುದೇ ಕತ್ತಲಲ್ಲಿ, ಮಂಜಿನಲ್ಲಿ. ನಾವು ಹೋಗುವುದು ಗಂಟೆಗೆ 20 ಕಿ.ಮೀ. ವೇಗದಲ್ಲಿ. ಹಿಂದಿನವನು 70ರಲ್ಲಿ ಬಂದರೆ ಸೆಕೆಂಡಿಗೆ ಸುಮಾರು 14 ಮೀಟರ್ ನಮ್ಮ ಹತ್ತಿರ ಬರುತ್ತಾನೆ. ಅವನ ಹೆಡ್‌ಲೈಟಿಗೆ ನಮ್ಮ ಟ್ರಾಲಿ 40 ಮೀಟರ್‌ನಲ್ಲಿ ಕಂಡರೆ ಅವನ ಕೈಯಲ್ಲಿ ಉಳಿಯುವುದು ಮೂರು ಸೆಕೆಂಡೂ ಅಲ್ಲ. ಕೆಂಪು ಲೈಟ್ ಹತ್ತಿದ್ದರೆ ಅರ್ಧ ಕಿಲೋಮೀಟರ್ ದೂರದಿಂದಲೇ ಎಚ್ಚರ ಆಗ್ತಾನೆ.

ಆ ವಾರವೇ ಕೂತು ವೈರಿಂಗ್ ಪೂರ್ತಿ ಹೊಸದಾಗಿ ಮಾಡಿದೆ. ಓದಿದ್ದು ತೋಟಗಾರಿಕೆ, ಎಲೆಕ್ಟ್ರಿಕಲ್ ಅಲ್ಲ. ಆದರೂ ಒಂದು ದಿನದಲ್ಲಿ ಮುಗಿಯಿತು, ಖರ್ಚು ಎರಡು ಸಾವಿರ ರೂಪಾಯಿ ದಾಟಲಿಲ್ಲ. ನೀವೂ ಮಾಡಬಹುದು.

ಮೊದಲು ರೋಗ ತಿಳಿಯಿರಿ: ಅರ್ಥಿಂಗ್

ಟ್ರಾಲಿ ಲೈಟ್ ಕೆಟ್ಟರೆ ನಾವು ಬಲ್ಬ್ ಬದಲಿಸುತ್ತೇವೆ. ಬಹಳ ಸಲ ಬಲ್ಬ್ ಸರಿಯೇ ಇರುತ್ತದೆ, ಕೆಟ್ಟಿರುವುದು ಅರ್ಥಿಂಗ್. ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬ್ ದಾಟಿ ಮತ್ತೆ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು. ಹಳೇ ಟ್ರಾಲಿಗಳಲ್ಲಿ ವಾಪಸ್ ಬರಲು ಬೇರೆ ವೈರ್ ಇರುವುದಿಲ್ಲ. ಟ್ರಾಲಿಯ ಕಬ್ಬಿಣ, ಕೊಕ್ಕೆ, ಪಿನ್ನು, ಅಲ್ಲಿಂದ ಟ್ರ್ಯಾಕ್ಟರ್ ಅಂತ ಕರೆಂಟ್ ಹರಿಯಬೇಕು. ಕೊಕ್ಕೆಗೆ ತುಕ್ಕು, ಗ್ರೀಸ್, ಮಣ್ಣು ಮೆತ್ತಿದರೆ ದಾರಿ ಬಂದ್.

ಅರ್ಥಿಂಗ್ ಕೆಟ್ಟಿದ್ದಕ್ಕೆ ಮೂರು ಲಕ್ಷಣ:

- ಇಂಡಿಕೇಟರ್ ಹಾಕಿದರೆ ಅದರ ಜೊತೆ ಬ್ರೇಕ್ ಲೈಟ್, ಟೇಲ್ ಲೈಟ್ ಕೂಡ ಮಿಣುಕುತ್ತದೆ.
- ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂದ ಆಗುತ್ತದೆ.
- ಟ್ರಾಲಿ ಕುಲುಕಿದಾಗ ಲೈಟ್ ಬರುತ್ತದೆ, ನಿಂತಾಗ ಹೋಗುತ್ತದೆ.

ಇದರಲ್ಲಿ ಒಂದು ಕಂಡರೂ ಮೊದಲು ಅರ್ಥಿಂಗ್ ನೋಡಿರಿ. ಕೊಕ್ಕೆಯನ್ನು ನಂಬದೆ ಅರ್ಥಿಂಗ್‌ಗೆ ಪ್ರತ್ಯೇಕ ವೈರ್ ಎಳೆಯಿರಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಏನೇನು ಬೇಕು?

ಕಲಬುರಗಿಯ ಯಾವುದೇ ಆಟೊಮೊಬೈಲ್ ಅಂಗಡಿಯಲ್ಲಿ ಇವು ಸಿಗುತ್ತವೆ:

- ಏಳು ಪಿನ್ನಿನ ಪ್ಲಗ್, ಟ್ರ್ಯಾಕ್ಟರಿಗೆ ಇಲ್ಲದಿದ್ದರೆ ಸಾಕೆಟ್ ಕೂಡ
- ತಾಮ್ರದ ಎಳೆ ವೈರ್: ಲೈಟುಗಳಿಗೆ 1.5 ಚದರ ಮಿ.ಮೀ., ಅರ್ಥಿಂಗ್‌ಗೆ 2.5 ಚದರ ಮಿ.ಮೀ. (ಅಂಗಡಿಯಲ್ಲಿ "ಒಂದೂವರೆ ಸ್ಕ್ವೇರ್", "ಎರಡೂವರೆ ಸ್ಕ್ವೇರ್" ಅನ್ನಿ)
- 12 ವೋಲ್ಟ್ ಟೇಲ್ ಲ್ಯಾಂಪ್ ಎರಡು, ಇಂಡಿಕೇಟರ್ ಎರಡು, ನಂಬರ್ ಪ್ಲೇಟ್ ಲೈಟ್ ಒಂದು
- ವೈರ್ ಹಾಯಿಸಲು ಫ್ಲೆಕ್ಸಿಬಲ್ ಪೈಪ್, ಕ್ಲಿಪ್, ಲಗ್, ಹೀಟ್ ಶ್ರಿಂಕ್ ಸ್ಲೀವ್
- ಟೆಸ್ಟ್ ಲ್ಯಾಂಪ್. ಒಂದು 12 ವೋಲ್ಟ್ ಬಲ್ಬಿಗೆ ಎರಡು ವೈರ್ ಹಚ್ಚಿದರೂ ಸಾಕು.

ಮನೆ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ವೈರ್ ಬಳಸಬೇಡಿ. ಟ್ರಾಲಿ ಕುಲುಕಾಟಕ್ಕೆ ಅದು ಒಳಗೇ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಚೆಂದ ಕಾಣುತ್ತಿರುತ್ತದೆ.

ಅರ್ಥಿಂಗ್ ವೈರ್ ಏಕೆ ದಪ್ಪ ಇರಬೇಕು? ಲೆಕ್ಕ ನೋಡ್ರಿ. ಬ್ರೇಕ್ ಬಲ್ಬ್ 21 ವ್ಯಾಟಿನದು ಎರಡು, ಅಂದರೆ 42 ವ್ಯಾಟ್. 12ರಿಂದ ಭಾಗಿಸಿದರೆ 3.5 ಆಂಪಿಯರ್. ಒಂದು ಬದಿಯ ಇಂಡಿಕೇಟರ್ 21 ವ್ಯಾಟ್, 1.75 ಆಂಪಿಯರ್. ಟೇಲ್ 5 ವ್ಯಾಟಿನದು ಎರಡು, ನಂಬರ್ ಪ್ಲೇಟಿಗೆ ಇನ್ನೊಂದು 5, ಒಟ್ಟು 15 ವ್ಯಾಟ್, 1.25 ಆಂಪಿಯರ್. ಹೋಗುವಾಗ ಇವು ಬೇರೆ ಬೇರೆ ವೈರಿನಲ್ಲಿ ಹೋಗುತ್ತವೆ. ವಾಪಸ್ ಬರುವಾಗ ಆರೂವರೆ ಆಂಪಿಯರ್ ಒಂದೇ ವೈರಿನಲ್ಲಿ ಬರಬೇಕು. ಕಾಲುವೆಗಳು ಎಷ್ಟಿದ್ದರೂ ಬಸಿಗಾಲುವೆ ಒಂದೇ ಇದ್ದರೆ ಅದು ಅಗಲ ಇರಬೇಕಲ್ಲವೇ? ಹಂಗ ಇದು.

ಯಾವ ಪಿನ್ನಿಗೆ ಯಾವ ವೈರ್?

ಪ್ಲಗ್ ಬಿಚ್ಚಿದರೆ ಒಳಗೆ ಪ್ರತಿ ಪಿನ್ ಪಕ್ಕ ಸಣ್ಣ ಅಂಕಿ ಇರುತ್ತದೆ. 12 ವೋಲ್ಟಿನ ಏಳು ಪಿನ್ನಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಜೋಡಣೆ ಹೀಗಿದೆ:

- 1: ಎಡ ಇಂಡಿಕೇಟರ್ (ಹಳದಿ)
- 2: ಹಿಂದಿನ ಫಾಗ್ ಲೈಟ್ (ನೀಲಿ). ನಮ್ಮ ಟ್ರಾಲಿಗೆ ಬೇಕಿಲ್ಲ, ಖಾಲಿ ಬಿಡಿ.
- 3: ಅರ್ಥಿಂಗ್ (ಬಿಳಿ)
- 4: ಬಲ ಇಂಡಿಕೇಟರ್ (ಹಸಿರು)
- 5: ಬಲ ಟೇಲ್ ಲೈಟ್ (ಕಂದು)
- 6: ಬ್ರೇಕ್ ಲೈಟ್, ಎರಡೂ ಬದಿ (ಕೆಂಪು)
- 7: ಎಡ ಟೇಲ್ ಲೈಟ್ ಮತ್ತು ನಂಬರ್ ಪ್ಲೇಟ್ (ಕಪ್ಪು)

ಬಣ್ಣ ನೋಡಿ ಜೋಡಿಸಬೇಡಿ. ಹಿಂದೆ ಯಾರೋ ರಿಪೇರಿ ಮಾಡಿದವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಟ್ರ್ಯಾಕ್ಟರ್ ಸಾಕೆಟಿನ 3ನೇ ಪಿನ್ನಿಗೆ ಇಡಿ. ಎಡ ಇಂಡಿಕೇಟರ್ ಹಾಕಿಸಿ ಇನ್ನೊಂದು ತುದಿಯಿಂದ ಉಳಿದ ಪಿನ್ ಒಂದೊಂದೇ ಮುಟ್ಟಿ. ಯಾವುದಕ್ಕೆ ಬಲ್ಬ್ ಮಿಣುಕುತ್ತದೋ ಅದೇ ಎಡ ಇಂಡಿಕೇಟರ್. ಹೀಗೆ ಬಲ, ಟೇಲ್, ಬ್ರೇಕ್ ಎಲ್ಲ ನೋಡಿ ಹಾಳೆಯಲ್ಲಿ ಬರೆದುಕೊಂಡು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ. ಯಾವ ಪಿನ್ ಮುಟ್ಟಿದರೂ ಬಲ್ಬ್ ಹತ್ತದಿದ್ದರೆ ಮೊದಲಿನ ತುದಿಯನ್ನು ಬ್ಯಾಟರಿ ಮೈನಸ್‌ಗೆ ಇಟ್ಟು ನೋಡಿ. ಆಗ ಹತ್ತಿದರೆ ಸಾಕೆಟಿನ ಅರ್ಥಿಂಗೇ ಕೆಟ್ಟಿದೆ ಅಂತ ಅರ್ಥ.

ಟ್ರ್ಯಾಕ್ಟರಿಗೆ ಸಾಕೆಟ್ಟೇ ಇಲ್ಲವೇ? ಹಿಂದಿನ ಮಡ್‌ಗಾರ್ಡಿನ ಲೈಟುಗಳ ವೈರಿನಿಂದ ಕವಲು ತೆಗೆದು ಸಾಕೆಟಿಗೆ ತನ್ನಿ. 3ನೇ ಪಿನ್ನನ್ನು ಮಾತ್ರ ನೇರ ಬ್ಯಾಟರಿ ಮೈನಸ್‌ಗೆ ಜೋಡಿಸಿ.

ಕೆಲಸದ ಕ್ರಮ

1. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಪರೀಕ್ಷೆ ಮಾಡುವಾಗ ಮಾತ್ರ ಮತ್ತೆ ಹಚ್ಚಿ.

2. ಹಳೇ ವೈರ್ ಪೂರ್ತಿ ಕಿತ್ತು ಹಾಕಿ. ಅರ್ಧ ಹಳೇದು, ಅರ್ಧ ಹೊಸದು ಇಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಗೋಳು.

3. ಚಾಸಿಯ ಚಾನೆಲ್ ಒಳಬದಿಗೆ ಪೈಪ್ ಹಾಯಿಸಿ, ಒಂದೊಂದು ಅಡಿಗೆ ಕ್ಲಿಪ್ ಬಿಗಿಯಿರಿ. ಟೈರ್ ಮತ್ತು ಹೈಡ್ರಾಲಿಕ್ ಪೈಪಿನಿಂದ ದೂರ ಇರಲಿ. ಎತ್ತಿ ಸುರಿಯುವ ಟ್ರಾಲಿಯಾದರೆ ಲೈಟುಗಳನ್ನು ಡಬ್ಬಿಗೆ ಹಾಕದೆ ಕೆಳಗಿನ ಚಾಸಿಗೇ ಹಾಕಿ, ವೈರ್ ಮಡಚುವ ತಾಪತ್ರಯ ಇರುವುದಿಲ್ಲ.

4. ಎರಡೂ ಬದಿಯ ಲ್ಯಾಂಪುಗಳ ಅರ್ಥಿಂಗ್ ವೈರ್ ತಂದು 2.5ರ ವೈರಿಗೆ ಸೇರಿಸಿ, ಅದನ್ನು 3ನೇ ಪಿನ್ನಿಗೆ ಒಯ್ಯಿರಿ.

5. ಟೇಲ್ ಲ್ಯಾಂಪಿನ 21/5 ವ್ಯಾಟ್ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. 5 ವ್ಯಾಟಿನದು ಟೇಲ್, 21ರದ್ದು ಬ್ರೇಕ್. ಬಲ್ಬಿನ ಪಕ್ಕದ ಎರಡು ಗುಬ್ಬಿ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಹಾಗಾಗಿ ಅದು ಒಂದೇ ರೀತಿ ಕೂರುತ್ತದೆ. ಜೋರು ಮಾಡಿ ತಿರುವಬೇಡಿ. ಟೇಲ್ ಲೈಟ್ ಬಹಳ ಪ್ರಖರ, ಬ್ರೇಕ್ ಒತ್ತಿದರೆ ವ್ಯತ್ಯಾಸವೇ ಕಾಣದು ಅಂತಾದರೆ ಎರಡು ವೈರ್ ಅದಲು ಬದಲಾಗಿವೆ.

6. ವೈರ್ ತಿರುವಿ ಟೇಪ್ ಸುತ್ತಿದರೆ ಜಾಯಿಂಟ್ ಆಗಲಿಲ್ಲ. ಲಗ್ ಒತ್ತಿ ಅಥವಾ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ. ನಮ್ಮ ಧೂಳಿಗೆ, ಬಿಸಿಲಿಗೆ ಬರೀ ಟೇಪ್ ಒಂದು ಬೇಸಿಗೆಯೂ ತಾಳುವುದಿಲ್ಲ.

7. ಕೊಕ್ಕೆ ಹತ್ತಿರ ವೈರ್ ಸ್ವಲ್ಪ ಸಡಿಲ ಬಿಡಿ. ಟ್ರ್ಯಾಕ್ಟರನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಳೆಯಲೂ ಬಾರದು, ನೆಲಕ್ಕೆ ಉಜ್ಜಲೂ ಬಾರದು.

ಫ್ಯೂಸ್ ಪದೇ ಪದೇ ಹೋದರೆ ಅಲ್ಲಿ ತಂತಿ ಸುತ್ತುವ, ಸಿಗರೇಟ್ ಪ್ಯಾಕಿನ ಹಾಳೆ ತುರುಕುವ ಬುದ್ಧಿ ಬೇಡ. ಎಲ್ಲೋ ವೈರ್ ಸುಲಿದು ಕಬ್ಬಿಣಕ್ಕೆ ತಾಗಿದೆ ಅಂತ ಫ್ಯೂಸ್ ಹೇಳುತ್ತಿದೆ. ಕಣಕಿ, ಒಣ ಹುಲ್ಲು ಹೇರಿದ ಟ್ರಾಲಿಗೆ ಒಂದು ಕಿಡಿ ಸಾಕು.

ಎಲ್‌ಇಡಿ ಹಾಕಬಹುದಾ?

ಹಾಕಬಹುದು. ಕರೆಂಟ್ ಕಡಿಮೆ ಸಾಕು, ಕುಲುಕಾಟವನ್ನೂ ತಡೆಯುತ್ತದೆ. ಆದರೆ ಎಲ್‌ಇಡಿಗೆ ಪ್ಲಸ್, ಮೈನಸ್ ಅದಲು ಬದಲಾದರೆ ಹತ್ತುವುದಿಲ್ಲ. ಹಳೇ ಫ್ಲ್ಯಾಷರ್ ಇದ್ದರೆ ಇಂಡಿಕೇಟರ್ ಸರಿಯಾದ ಲಯದಲ್ಲಿ ಮಿಣುಕದೆ ಇರಬಹುದು. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದರೆ ಸರಿಹೋಗುತ್ತದೆ.

ಬೊಲೆರೊ, ಸ್ಕಾರ್ಪಿಯೊ ಹಿಂದೆ ಸಣ್ಣ ಟ್ರೇಲರ್ ಕಟ್ಟುವವರಿಗೆ

ಪಿನ್ ಜೋಡಣೆ ಇದೇ. ಆದರೆ ಈಗಿನ ಎಸ್‌ಯುವಿಗಳಲ್ಲಿ ಲೈಟುಗಳನ್ನು ಒಂದು ಸಣ್ಣ ಕಂಪ್ಯೂಟರ್ ನಡೆಸುತ್ತದೆ. ಟ್ರ್ಯಾಕ್ಟರಿನಂತೆ ವೈರ್ ಸುಲಿದು ಕವಲು ತೆಗೆದರೆ ಹೆಚ್ಚಿನ ಹೊರೆ ಅದರ ಮೇಲೆ ಬಿದ್ದು ಕೆಡಬಹುದು, ವಾರಂಟಿಗೂ ತೊಂದರೆ. ಅಂಥ ಗಾಡಿಗೆ ಟ್ರೇಲರ್ ಮಾಡ್ಯೂಲ್ ಹಾಕಿ. ಅದು ಗಾಡಿಯ ಲೈಟಿನಿಂದ ಸೂಚನೆ ಮಾತ್ರ ಪಡೆಯುತ್ತದೆ, ಟ್ರೇಲರಿಗೆ ಬೇಕಾದ ಕರೆಂಟನ್ನು ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ಎಳೆದುಕೊಳ್ಳುತ್ತದೆ. ಕೈ ಹಾಕುವ ಮೊದಲು ಗಾಡಿಯ ಪುಸ್ತಕದಲ್ಲಿ ಎಷ್ಟು ಭಾರ ಎಳೆಯಬಹುದು ಅಂತ ನೋಡಿ, ಟ್ರೇಲರ್ ನೋಂದಣಿ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಲೈಟ್ ಇದ್ದರೂ ಕಾಣದಿದ್ದರೆ?

ಬಾಳೆ ಎಲೆ, ಕಬ್ಬಿನ ಗರಿ ಹಿಂದಕ್ಕೆ ಇಳಿಬಿದ್ದು ಲೈಟ್ ಮುಚ್ಚಿದರೆ ಇಷ್ಟು ಕೆಲಸ ಮಾಡಿಯೂ ನೀರಿನಲ್ಲಿ ಹೋಮ ಮಾಡಿದಂತೆ. ನಾನು ಒಂದು ಹಲಗೆಗೆ ಇನ್ನೊಂದು ಜೋಡಿ ಟೇಲ್ ಲೈಟ್, ಇಂಡಿಕೇಟರ್ ಕೂರಿಸಿ, ಉದ್ದ ವೈರ್ ಕೊಟ್ಟಿದ್ದೇನೆ. ಕಬ್ಬು ಹೇರಿದಾಗ ಟ್ರಾಲಿ ಪ್ಲಗ್ ತೆಗೆದು ಈ ಹಲಗೆಯ ಪ್ಲಗ್ ಹಾಕಿ, ಹಲಗೆಯನ್ನು ಹೇರಿನ ಕಟ್ಟಕಡೆಗೆ ಕಟ್ಟುತ್ತೇನೆ. ಇದರ ಜೊತೆ ಹಿಂದೆ ಕೆಂಪು, ಮುಂದೆ ಬಿಳಿ, ಪಕ್ಕದಲ್ಲಿ ಹಳದಿ ರಿಫ್ಲೆಕ್ಟರ್ ಟೇಪ್ ಹಚ್ಚಿ. ಬ್ಯಾಟರಿ ಸತ್ತು ಗಾಡಿ ರಸ್ತೆಯಲ್ಲೇ ನಿಂತರೂ ಟೇಪ್ ಹೊಳೆಯುತ್ತದೆ.

ಇವತ್ತು ಸಂಜೆಯ ಕೆಲಸ

ಹೊತ್ತು ಮುಳುಗಿದ ಮೇಲೆ ತಮ್ಮನನ್ನೋ ಗೆಳೆಯನನ್ನೋ ಟ್ರ್ಯಾಕ್ಟರ್ ಮೇಲೆ ಕೂರಿಸಿ, ಟ್ರಾಲಿ ಹಿಂದೆ ಐವತ್ತು ಹೆಜ್ಜೆ ಹೋಗಿ ನಿಲ್ಲಿ. ಟೇಲ್, ಬ್ರೇಕ್, ಎಡ, ಬಲ ಒಂದೊಂದಾಗಿ ಹಾಕಿಸಿ ಫೋನಿನಲ್ಲಿ ವಿಡಿಯೊ ಮಾಡಿ. ಆಮೇಲೆ ಟೇಲ್, ಬ್ರೇಕ್, ಇಂಡಿಕೇಟರ್ ಮೂರೂ ಒಟ್ಟಿಗೆ ಹಾಕಿಸಿ. ಮಿಣುಕುವುದು ಇಂಡಿಕೇಟರ್ ಒಂದೇ ಆಗಿದ್ದರೆ ಅರ್ಥಿಂಗ್ ಸರಿ ಇದೆ. ಟ್ರಾಲಿ ಬಿಚ್ಚಿದಾಗ ಪ್ಲಗ್ ನೆಲಕ್ಕೆ ಬಿಡದೆ ಮೇಲೆ ಸಿಕ್ಕಿಸಿ, ತಿಂಗಳಿಗೊಮ್ಮೆ ಪಿನ್ನು ಒರೆಸಿ.

ಆ ಬೈಕ್ ಹುಡುಗ ಆಮೇಲೆ ಒಂದು ಸಲ ತೋಟಕ್ಕೆ ಬಂದು ಬಾಳೆಹಣ್ಣು ಒಯ್ದ. ದುಡ್ಡು ಕೊಡಲು ಬಂದರೆ ನಾನು ತೆಗೆದುಕೊಳ್ಳಲಿಲ್ಲ. ಅವತ್ತು ಅವನ ಬ್ರೇಕ್ ಹಿಡಿಯದಿದ್ದರೆ ಅವನ ಮನೆಯವರ ಮುಂದೆ ಯಾವ ಮುಖ ಹೊತ್ತು ನಿಲ್ಲುತ್ತಿದ್ದೆ? ನಿಮಗೆ ಆ ಪ್ರಶ್ನೆ ಬರುವುದು ಬೇಡ. ನಾಳೆ ಅನ್ನಬೇಡ್ರಿ, ಇವತ್ತೇ ನೋಡ್ರಿ.